ಲಾಂಡ್ರಿ ರೂಮಿನಲ್ಲಿ ಕಲಿತ ಅಡುಗೆ

ನಾಲ್ಕು ವರ್ಷ ಎದುರುಬದುರು ಬಾಗಿಲು. ಆದರೂ ವೆಯ್ ಅವರ ಮನೆಯೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಅವರು ತೀರಿಕೊಂಡ ಮೇಲೆ. ಅದೂ ಕೈಯಲ್ಲಿ ದನದ ಮಾಂಸದ ಪಾತ್ರೆ ಹಿಡಿದುಕೊಂಡು.

(ಇಷ್ಟಕ್ಕೇ ನನಗೆ ಇಮೇಲ್ ಬರೆಯಲು ಕೂತವರು ದಯವಿಟ್ಟು ಪೂರ್ತಿ ಓದಿ. ಆಮೇಲೆ ಬೈಯಿರಿ.)

ನಾವಿರುವ ಸ್ಯಾಂಡ್‌ವಿಕೆನ್ ಸ್ವೀಡನ್ನಿನ ಉಕ್ಕಿನ ಕಾರ್ಖಾನೆಯ ಊರು. ನನ್ನ ಗಂಡ ಇಲ್ಲಿ ಇಂಜಿನಿಯರ್. ವೆಯ್ ಕೂಡ ಇಂಜಿನಿಯರ್, ಬೇರೆ ವಿಭಾಗ. ಚೀನಾದವರು. ಸಣ್ಣ ಮೈ, ದೊಡ್ಡ ನಗು. ಮನೆಯಲ್ಲಿ ಅವರು ಮತ್ತು ಹೆಂಡತಿ ಲಿಹುವಾ ಇಬ್ಬರೇ, ಮಗ ಶಾಂಘೈನಲ್ಲಿ. ಸ್ವೀಡನ್ನಿನಲ್ಲಿ ಪಕ್ಕದ ಮನೆಯ ಬೆಲ್ ಒತ್ತಿ "ಏನ್ರೀ, ಕಾಫಿ ಆಯ್ತಾ?" ಎಂದು ಒಳಗೆ ನುಗ್ಗುವ ಪದ್ಧತಿಯಿಲ್ಲ. ಫಿಕಾಗೆ, ಅಂದರೆ ಕಾಫಿ ಜೊತೆ ಒಂದು ಬನ್ನು ತಿನ್ನುವುದಕ್ಕೂ, ಮುಂಚಿತವಾಗಿ ಇಬ್ಬರ ಕ್ಯಾಲೆಂಡರೂ ಹೊಂದಬೇಕು. ನಮ್ಮದು ಹೊಂದಲೇ ಇಲ್ಲ.

ಹಾಗಾದರೆ ವೆಯ್ ನನಗೆ ಪರಿಚಯವಾದದ್ದೆಲ್ಲಿ? ಬೇಸ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ.

ಇಡೀ ಬಿಲ್ಡಿಂಗಿಗೆ ಅಲ್ಲಿರುವುದು ಎರಡೇ ವಾಷಿಂಗ್ ಮಷಿನ್. ಗೋಡೆಯ ಮೇಲೆ ವಾರಗಳನ್ನು ಬರೆದ ಒಂದು ಬೋರ್ಡು. ಪ್ರತಿ ಮನೆಗೂ ಒಂದು ಪುಟ್ಟ ಬೀಗ. ನಮಗೆ ಬೇಕಾದ ಹೊತ್ತಿನ ತೂತಿಗೆ ಬೀಗ ಸಿಕ್ಕಿಸಿದರೆ ಆ ಹೊತ್ತು ನಮ್ಮದು. ಕಳೆದೊಂದು ವರ್ಷದಿಂದ ಗುರುವಾರ ಸಂಜೆ ನನ್ನ ಸರದಿ ಮುಗಿದ ತಕ್ಷಣ ವೆಯ್ ಸರದಿ. ನಾನು ಡ್ರೈಯರಿನಿಂದ ಬಟ್ಟೆ ತೆಗೆದು ಮಡಚುವ ಹೊತ್ತಿಗೆ ಅವರು ಬುಟ್ಟಿ ಹಿಡಿದು ಬರುತ್ತಿದ್ದರು. ಅಷ್ಟು ಹೊತ್ತು ಮಾತು. ಇಬ್ಬರದೂ ಹರಕುಮುರುಕು ಸ್ವೀಡಿಷ್, ಅದು ಸಾಲದಿದ್ದರೆ ಇಂಗ್ಲಿಷ್.

ವೆಯ್ ಹವಾಮಾನದ ಬಗ್ಗೆ ಮಾತಾಡುತ್ತಿರಲಿಲ್ಲ. (ಈ ದೇಶದಲ್ಲಿ ಅದೇ ಒಂದು ಪವಾಡ.) ಅವರದು ಒಂದೇ ವಿಷಯ. ದನದ ಮಾಂಸವನ್ನು ಸೋಯಾ ಸಾಸಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಅವರೂರಿನ ಅಡುಗೆ.

"ಮೊದ್ಲು ತಣ್ಣೀರಲ್ಲಿ ಹಾಕಿ ಕುದಿಸ್ಬೇಕು. ನೊರೆ ಎಲ್ಲಾ ತೆಗೀಬೇಕು. ಆಮೇಲೆ ಎಣ್ಣೇಲಿ ಕಲ್ಲುಸಕ್ಕರೆ ಕರಗಿಸ್ಬೇಕು. ಜೇನಿನ ಬಣ್ಣ ಬಂದ ಕೂಡ್ಲೇ ಮಾಂಸ ಹಾಕಿ. ಸ್ವಲ್ಪ ತಡ ಆದ್ರೂ ಕಹಿ!" ಎನ್ನುತ್ತಿದ್ದರು. ಆಮೇಲೆ ಶುಂಠಿ, ಚಕ್ಕೆ, ನಾವು ಬಿರಿಯಾನಿಗೆ ಹಾಕುವ ಚಕ್ರಮೊಗ್ಗು, ಅಕ್ಕಿಯ ವೈನು. ಹೇಳುತ್ತ ಹೇಳುತ್ತ ಅವರ ಬಲಗೈ ಗಾಳಿಯಲ್ಲೇ ಸೌಟು ಆಡಿಸುತ್ತಿತ್ತು. "ಕುಕ್ಕರಲ್ಲಿ ಇಟ್ಟು ನಾಲ್ಕು ವಿಷಲ್ ಕೂಗಿಸಿದ್ರೆ ಆಗಲ್ವಾ?" ಎಂದು ಒಮ್ಮೆ ಕೇಳಿದ್ದೆ. ಅವರು ನನ್ನನ್ನು ನೋಡಿದ ರೀತಿಗೆ ಮತ್ತೆಂದೂ ಕುಕ್ಕರಿನ ಹೆಸರೆತ್ತಲಿಲ್ಲ.

ಪ್ರತಿ ಗುರುವಾರ ಅದೇ ಪಾಠ. ನನಗೋ ನಗು. ಮೇಲೆ ಬಂದು ಗಂಡನಿಗೆ ಹೇಳುತ್ತಿದ್ದೆ: "ಆ ಮನುಷ್ಯನ ಹೆಂಡ್ತಿ ಪುಣ್ಯ ಮಾಡಿದ್ಲು ಕಣ್ರೀ. ಗಂಡನೇ ಅಡುಗೆ ಮಾಡಿ ಬಡಿಸ್ತಾನೆ." (ನಮ್ಮವರು ಮೊಬೈಲಿನಿಂದ ತಲೆ ಎತ್ತಿದರೆ ಕೇಳಿ.)

ಕಳೆದ ತಿಂಗಳು ವೆಯ್ ಹೋಗಿಬಿಟ್ಟರು. ಕೆಲಸದಿಂದ ಸೈಕಲ್ಲಿನಲ್ಲಿ ಮನೆಗೆ ಬರುವಾಗ ಎದೆ ಹಿಡಿದುಕೊಂಡು ರಸ್ತೆ ಪಕ್ಕ ಕೂತರಂತೆ. ಮತ್ತೆ ಏಳಲಿಲ್ಲ.

ಇಲ್ಲಿ ಸತ್ತವರನ್ನು ಮರುದಿನವೇ ಮಣ್ಣು ಮಾಡುವುದಿಲ್ಲ. ವಾರಗಟ್ಟಲೆ ಕಾಯಬೇಕು. ಅದಕ್ಕೂ ಬುಕಿಂಗ್! ಮಗನಿಗೆ ಇನ್ನೂ ವೀಸಾ ಸಿಕ್ಕಿರಲಿಲ್ಲ. ಅಲ್ಲಿಯತನಕ ಆ ಮನೆಯಲ್ಲಿ ಲಿಹುವಾ ಒಬ್ಬರೇ ಏನು ಮಾಡಬೇಕು? ನಮ್ಮ ಮಂಡ್ಯದ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದಿಂದ ಅನ್ನ ಸಾರು ಬರುತ್ತದೆ. ಜನ ಬಂದು ಕೂರುತ್ತಾರೆ. ಅಳುತ್ತಾರೆ, ಅಳು ಬಾರದವರೂ ಸುಮ್ಮನೆ ಕೂರುತ್ತಾರೆ. ಇಲ್ಲಿ ಬಾಗಿಲ ಮುಂದೆ ಹೂವು ಇಟ್ಟು, ಒಂದು ಕಾರ್ಡು ಸಿಕ್ಕಿಸಿ, ಬೆಲ್ ಒತ್ತದೆ ಹೋಗುತ್ತಾರೆ. ದುಃಖದಲ್ಲಿರುವವರಿಗೆ ತೊಂದರೆ ಕೊಡಬಾರದು, ಅದೇ ಮರ್ಯಾದೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹೂವನ್ನು ತಿನ್ನುವುದಕ್ಕಾಗುತ್ತದೆಯೇ?

ಕಸ ಹಾಕುವ ಕಡೆ ಒಮ್ಮೆ ಲಿಹುವಾ ಸಿಕ್ಕರು. ಗುರುತು ಹತ್ತದಷ್ಟು ಇಳಿದುಹೋಗಿದ್ದರು. ಕೋಟು ಅವರ ಮೈಮೇಲೆ ನೇತುಹಾಕಿದಂತಿತ್ತು.

"ಊಟ ಮಾಡ್ತಿದ್ದೀರಾ?" ಎಂದೆ.

"ಟೀ ಕುಡೀತೀನಿ," ಎಂದರು. "ಒಬ್ಳಿಗೆ ಏನಂತ ಮಾಡ್ಲಿ?"

ಆ ಗುರುವಾರ ಲಾಂಡ್ರಿ ರೂಮಿಗೆ ಹೋದರೆ ಬೋರ್ಡಿನಲ್ಲಿ ವೆಯ್ ಬೀಗ ನನ್ನ ಬೀಗದ ಪಕ್ಕವೇ ಇತ್ತು. ತೆಗೆಯಬೇಕೆಂದು ಯಾರಿಗೆ ನೆನಪಿದ್ದೀತು? ಬಟ್ಟೆ ಮಡಚುತ್ತ ಮಡಚುತ್ತ ಬಾಗಿಲ ಕಡೆ ನೋಡಿದೆ. ಆಮೇಲೆ ಬೆಚ್ಚಗಿನ ಬೆಡ್‌ಶೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನನಗೇ ಆಶ್ಚರ್ಯ. ಅವರು ನನಗೇನಾಗಬೇಕಿತ್ತು? ಏನೂ ಅಲ್ಲ. ವಾರಕ್ಕೊಮ್ಮೆ ಅಡುಗೆ ಹೇಳಿಕೊಟ್ಟವರು.

ಅಲ್ಲೇ ನಿರ್ಧಾರವಾಯಿತು. ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಿ ಎಡೆ ಇಡುತ್ತೇವೆ, ಆಮೇಲೆ ಮನೆಯವರೆಲ್ಲ ಅದನ್ನೇ ಉಣ್ಣುತ್ತೇವೆ. ಗಂಡನ ಕೈರುಚಿಯ ಆ ಅಡುಗೆ ಕಂಡರೆ ಲಿಹುವಾ ಎರಡು ತುತ್ತಾದರೂ ತಿಂದಾರು. ವೆಯ್‌ಗೆ ಏನಿಷ್ಟ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು?

ನಮ್ಮ ಮನೆಯಲ್ಲಿ ಕುರಿ, ಕೋಳಿ, ಮೀನು ಎಲ್ಲ ಸರಿ. ದನದ್ದು ಮಾತ್ರ ಹೊಸಿಲು ದಾಟಿರಲಿಲ್ಲ. ಶನಿವಾರ ಪ್ಯಾಕೆಟ್ ಬಿಚ್ಚುವಾಗ ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು, "ಏನೇ, ದನದ್ದಾ? ನಮ್ಮಮ್ಮ ವಿಡಿಯೋ ಕಾಲ್ ಮಾಡಿದ್ರೆ?"

"ವಿಡಿಯೋಲಿ ವಾಸನೆ ಬರಲ್ಲ, ಬಿಡಿ."

ಅವರೇ ಒಂದು ಚಾಕು ತೆಗೆದುಕೊಂಡು ಶುಂಠಿ ಹೆಚ್ಚಲು ಕೂತರು. ವೆಯ್ ಜೊತೆ ಅವರೂ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡಿದವರಲ್ಲವೇ?

ನೊರೆ ತೆಗೆದೆ. ಸಕ್ಕರೆ ಕರಗಿಸಿದೆ. ಮೊದಲ ಸಲ ಪೂರ್ತಿ ಕರ್ರಗಾಗಿ ಸಿಂಕ್ ಸೇರಿತು. ಎರಡನೇ ಸಲ ಬಣ್ಣ ಬಂತು ಎನ್ನುವಷ್ಟರಲ್ಲಿ ಮಗಳು ಬಂದು ಸ್ವೀಡಿಷಿನಲ್ಲಿ ಏನೋ ಕೇಳಿದಳು, ತಿರುಗಿ ನೋಡಿದೆ, ತುಸು ತಡವಾಯಿತು. ಇರಲಿ ಎಂದು ಮಾಂಸ ಹಾಕಿದೆ. ಮಧ್ಯಾಹ್ನವೆಲ್ಲ ಅದು ಸಣ್ಣಗೆ ಕುದಿಯಿತು. ಕುಕ್ಕರ್ ಮುಟ್ಟಲಿಲ್ಲ.

ಬೆಲ್ ಒತ್ತಿದೆ. ಲಿಹುವಾ ಬಾಗಿಲು ತೆರೆದರು, ಒಳಗೆ ಕರೆದರು. ಗೂಟದಲ್ಲಿ ವೆಯ್ ಅವರ ಚಳಿಗಾಲದ ಟೋಪಿ ಹಾಗೇ ಇತ್ತು. ನಾನು ಪಾತ್ರೆಯನ್ನೂ ಅನ್ನದ ಡಬ್ಬಿಯನ್ನೂ ಟೇಬಲ್ಲಿನ ಮೇಲಿಟ್ಟೆ. ಅವರು ಪಾತ್ರೆಯ ಮುಚ್ಚಳ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು.

"ಇದು ನಿನಗೆ ಹೇಗೆ ಗೊತ್ತು?"

"ವೆಯ್ ಹೇಳ್ಕೊಟ್ಟಿದ್ದು. ಬಟ್ಟೆ ಒಗೆಯೋಕೆ ಬಂದಾಗೆಲ್ಲ ಇದೇ ಮಾತು," ಎಂದೆ. ಸಮಾಧಾನವಾಗಲಿ ಎಂದು ಸೇರಿಸಿದೆ: "ನೀವಿಬ್ರೂ ವಾರವಾರ ಮಾಡ್ಕೊಂಡು ತಿಂತಿದ್ರಿ, ಅಲ್ವಾ?"

ಲಿಹುವಾ ಕುರ್ಚಿ ಹಿಡಿದುಕೊಂಡು ಕೂತರು.

"ಈ ಮನೇಲಿ ಇದನ್ನ ಮಾಡದೆ ವರ್ಷದ ಮೇಲಾಯ್ತು," ಎಂದರು. "ಅವರಿಗೆ ಹಾರ್ಟ್ ತೊಂದರೆ ಇತ್ತು. ಕೊಬ್ಬು ಕಡಿಮೆ ಮಾಡಿ ಅಂದ್ರು ಡಾಕ್ಟರು. ಕಡಿಮೆ ಅಂದ್ರು, ನಾನು ಪೂರ್ತಿ ನಿಲ್ಲಿಸ್ಬಿಟ್ಟೆ. ಬರ್ತ್‌ಡೇ ದಿನ ಕೇಳಿದ್ರು, ಎರಡೇ ತುಂಡು ಅಂತ. ಬೇಡ ಅಂದೆ. ಮತ್ತೆ ಯಾವತ್ತೂ ಕೇಳ್ಲಿಲ್ಲ. ಮರೆತ್ರು ಅಂದ್ಕೊಂಡಿದ್ದೆ."

ನನ್ನ ನಾಲಿಗೆ ಕಚ್ಚಿಕೊಳ್ಳಬೇಕೆನ್ನಿಸಿತು. ಮರೆತಿರಲಿಲ್ಲ ಎಂದು ನಾನೇ ಈಗಷ್ಟೇ ಹೇಳಿದ್ದೆನಲ್ಲ! ಒಂದೇ ಒಂದು ಸಲ ಅವರ ಮನೆಗೆ ಊಟಕ್ಕೆ ಹೋಗಿದ್ದರೂ ಗೊತ್ತಾಗುತ್ತಿತ್ತು. ವೆಯ್ ನನಗೆ ಅಡುಗೆ ಹೇಳಿಕೊಡುತ್ತಿರಲಿಲ್ಲ. ಹೆಂಡತಿಯ ಮನಸ್ಸು ನೋಯಿಸದೆ, ಯಾರ ಮುಂದೆಯೋ, ಒದ್ದೆ ಬಟ್ಟೆಗಳ ನಡುವೆ ನಿಂತು, ಅವರು ಮಾತಿನಲ್ಲೇ ಊಟ ಮಾಡುತ್ತಿದ್ದರು.

"ಅವರು ಒಂದು ದಿನಾನೂ ನಿಮ್ಮನ್ನ ದೂರ್ಲಿಲ್ಲ," ಎಂದೆ. ಅದು ನಿಜವೂ ಹೌದು. ಲಿಹುವಾ ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ.

ಎದ್ದು ಹೋಗಿ ಒಂದು ಬಟ್ಟಲಿಗೆ ಅನ್ನ ಹಾಕಿ, ಮೇಲೆ ಮಾಂಸದ ತುಂಡುಗಳನ್ನು ಇಟ್ಟರು. ಎರಡಲ್ಲ, ಬಟ್ಟಲು ತುಂಬ. ಕಪಾಟಿನ ಮೇಲಿದ್ದ ವೆಯ್ ಫೋಟೋದ ಮುಂದೆ ಇಟ್ಟು, ಅದರ ಪಕ್ಕ ಚಾಪ್‌ಸ್ಟಿಕ್ ಜೋಡಿಸಿ, ಅವರ ಭಾಷೆಯಲ್ಲಿ ಏನೋ ಹೇಳಿದರು.

"ಏನಂದ್ರಿ?"

"ತಿನ್ನಿ ಅಂದೆ. ಇನ್ನು ನಾನು ಏನೂ ಅನ್ನಲ್ಲ ಅಂದೆ."

ಆಮೇಲೆ ಅವರೂ ಕೂತು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಗಂಡನಿಗೆ ನಿಲ್ಲಿಸಿದಂದಿನಿಂದ ಅವರೂ ತಿಂದಿರಲಿಲ್ಲವಂತೆ. ನಿಧಾನವಾಗಿ ಅಗಿದು, "ಸಕ್ಕರೆ ಸ್ವಲ್ಪ ಸೀದಿದೆ," ಎಂದರು. ಮತ್ತೊಂದು ತುಂಡು ತೆಗೆದುಕೊಂಡರು. ನಾನೂ ತಿಂದೆ. ರುಚಿ ಹೇಗಿತ್ತು ಎಂದು ಮಾತ್ರ ಕೇಳಬೇಡಿ.

ಲಿಹುವಾ ಮಾಡಿದ್ದು ತಪ್ಪೇ? ಖಂಡಿತ ಅಲ್ಲ. ತಿನ್ನಲು ಬಿಟ್ಟು ಆಮೇಲೆ ಹೀಗಾಗಿದ್ದರೆ, ನಾನೇ ಕೊಂದೆ ಎಂದು ಕೊರಗುತ್ತಿದ್ದರು. ಬಿಡಲಿಲ್ಲ, ಅದಕ್ಕೆ ಇವತ್ತು ಈ ಕೊರಗು. ನಾವು ಹೆಂಗಸರು ಎಷ್ಟು ಸಲ 'ಬೇಡ' ಎನ್ನುತ್ತೇವೆ! ಉಪ್ಪು ಬೇಡ, ಕರಿದದ್ದು ಬೇಡ, ಹೊರಗಿನದ್ದು ಬೇಡ. ಎಲ್ಲ ಅವರು ಇನ್ನಷ್ಟು ದಿನ ಇರಲಿ ಎಂದೇ. ಆ ಇನ್ನಷ್ಟು ದಿನ ಎಷ್ಟು ಎಂದು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಖಾಲಿ ಪಾತ್ರೆ ಹಿಡಿದು ಮನೆಗೆ ಬಂದೆ. ಇಬ್ಬರಿಗೂ ಕಾಫಿಗೆ ಇಟ್ಟೆ. ನಮ್ಮವರಿಗೆ ಐದು ವರ್ಷದಿಂದ ಶುಗರ್. ಸಕ್ಕರೆ ಡಬ್ಬಿ ನನ್ನ ಸುಪರ್ದಿಯಲ್ಲಿದೆ.

"ಇವತ್ತೊಂದಿನ ಅರ್ಧ ಚಮಚ ಹಾಕ್ತೀಯಾ?" ಎಂದರು, ಮೆಲ್ಲಗೆ.

ನೀವಾಗಿದ್ದರೆ ಹಾಕುತ್ತಿದ್ದಿರಾ?