ಆ ಶನಿವಾರದ ಏಕಾದಶಿ

ಹ್ಯೂಸ್ಟನ್ನಿನಲ್ಲಿ ಇಪ್ಪತ್ತಾರು ವರ್ಷ ಇದ್ದೂ ನಾನು ಹ್ಯೂಸ್ಟನ್ ನೋಡಿರಲಿಲ್ಲ. ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋಟೆಲಿನ ಅಡುಗೆಮನೆ ಸೇರಿದವನು ನಾನು. ಇಲ್ಲಿಗೂ ಅಡುಗೆಯವನಾಗಿಯೇ ಬಂದೆ. ಶನಿವಾರ, ಭಾನುವಾರ ಊರಿಗೆಲ್ಲ ರಜ, ನಮಗೆ ಮಾತ್ರ ಕಾವಲಿ ಆರುವಂತಿರಲಿಲ್ಲ. ಕ್ಲಿಯರ್ ಲೇಕ್‌ನಲ್ಲಿ ರಾಕೆಟ್ ನೋಡಿದವರು, ಮ್ಯೂಸಿಯಂ ಸುತ್ತಿದವರು, ಸಮುದ್ರದ ಮರಳನ್ನು ಕಾಲಿಗೆ ಮೆತ್ತಿಕೊಂಡೇ ಬಂದವರು, ಎಲ್ಲರೂ ಹಸಿದು ನಮ್ಮಲ್ಲಿಗೆ ಬರುತ್ತಿದ್ದರು. ಅವರು ದೋಸೆಗೆ ಕಾಯುತ್ತ ಆಡುವ ಮಾತು ಒಳಗೆ ಕೇಳಿಸುತ್ತಿತ್ತು. ನನಗೆ ಗೊತ್ತಿದ್ದ ಹ್ಯೂಸ್ಟನ್ ಅಷ್ಟೇ. ಆ ಶನಿವಾರಗಳಲ್ಲೆಲ್ಲ ನನ್ನ ಹೆಂಡತಿ ಊರಂಚಿನ ಕೇಟಿ ಎಂಬಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇರುತ್ತಿದ್ದಳು.

ಮಂಡಿನೋವಿನಿಂದ ನಾನು ಕೆಲಸ ಬಿಟ್ಟ ಮೇಲೆ ಒಂದು ದಿನ ಅವಳು, "ಈಗಾದ್ರೂ ಒಂದಿನ ಊರು ತೋರಿಸ್ತೀರೋ ಇಲ್ವೋ?" ಎಂದಳು.

"ತೋರಿಸ್ತೀನಿ ಕಣೆ, ಅದೇನು ಮಹಾ," ಎಂದೆ. ಏನು ತೋರಿಸಬೇಕೆಂಬುದೇ ನನಗೆ ತಿಳಿದಿರಲಿಲ್ಲ.

ಡಲ್ಲಾಸ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಅವಳು ತನ್ನ ಮಗಳಿಗೆ ಹೇಳಿದಳು. ಆಸ್ಟಿನ್‌ನಲ್ಲಿ ಓದುತ್ತಿರುವ ಮೊಮ್ಮಗಳು ಶುಕ್ರವಾರ ಕಾರಿನಲ್ಲಿ ಬಂದು, ಶನಿವಾರ ನಮ್ಮನ್ನು ಸುತ್ತಾಡಿಸಿ, ಭಾನುವಾರ ಬೆಳಿಗ್ಗೆ ಹೊರಡುವುದೆಂದಾಯಿತು. ಪರೀಕ್ಷೆಗೆ ಮುಂಚೆ ಅವಳಿಗೆ ಬಿಡುವಿದ್ದದ್ದು ಅದೊಂದೇ ವಾರಾಂತ್ಯ.

ಪ್ಲಾನ್ ಮಾಡುವ ಕೆಲಸ ನಾನೇ ವಹಿಸಿಕೊಂಡೆ. ನನಗೆ ತಿಳಿದ ಲೆಕ್ಕಾಚಾರ ಒಂದೇ. ಹನ್ನೆರಡಕ್ಕೆ ಎಲೆ ಹಾಕಬೇಕೆಂದರೆ ಎಷ್ಟಕ್ಕೆ ಒಲೆ ಹತ್ತಬೇಕು, ಬೇಳೆ ಯಾವಾಗ ಬೇಯಬೇಕು, ಹಿಂದಿನ ದಿನ ಏನು ನೆನೆಯಬೇಕು ಎಂದು ಊಟದಿಂದ ಹಿಂದಕ್ಕೆ ಎಣಿಸುತ್ತ ಬರುವುದು. ಹಾಗೆಯೇ ಮಧ್ಯಾಹ್ನದ ಊಟವನ್ನು ನಡುವೆ ಬರೆದುಕೊಂಡು, ಅದರ ಹಿಂದೆ ಮೂರು ಮ್ಯೂಸಿಯಂ, ಒಂದು ಪಾರ್ಕು, ಮುಂದೆ ಸಮುದ್ರ ಹಾಕಿದೆ. ಫೋನಿನಲ್ಲಿ ಓದಿ ಹೇಳಿದಾಗ ಮೊಮ್ಮಗಳು ನಕ್ಕುಬಿಟ್ಟಳು.

"ತಾತಾ, ಇದು ಪ್ಲಾನ್ ಅಲ್ಲ, ಪನಿಶ್‌ಮೆಂಟ್! ಅಜ್ಜಿ ವಿಲ್ ಡೈ. ಒಂದು ಮ್ಯೂಸಿಯಂ, ಒಂದು ಲಂಚ್, ಒಂದು ಪಾರ್ಕ್. ದಟ್ಸ್ ಇಟ್."

"ಸಮುದ್ರ?"

"ನೋ ಸಮುದ್ರ."

ಮ್ಯೂಸಿಯಮ್ಮಿಗೂ ಟೈಮ್ ಗೊತ್ತುಮಾಡಿ ಟಿಕೆಟ್ ತೆಗೆಯಬೇಕಂತೆ. ಹತ್ತೂವರೆಗೆಂದು ಅವಳೇ ಬುಕ್ ಮಾಡಿದಳು. ಕಾರು ನಿಲ್ಲಿಸುವ ಜಾಗಕ್ಕೂ ಫೋನಿನಲ್ಲೇ ಏನೋ ಮಾಡಬೇಕಂತೆ. ಇಷ್ಟು ದೊಡ್ಡ ಊರಿನಲ್ಲಿ ಸುಮ್ಮನೆ ಹೋಗಿ ನಿಲ್ಲುವ ಜಾಗವೇ ಇಲ್ಲವೇ ಎಂದು ನನಗೆ ಗೊಂದಲ. ಊಟದ ಆಯ್ಕೆಯನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಮದುವೆಯಾದಂದಿನಿಂದ ನಾನು ಊರಿಗೆಲ್ಲ ಬಡಿಸಿದ್ದೇನೆ. ನನ್ನ ಹೆಂಡತಿ ಹೋಟೆಲಿನ ಕುರ್ಚಿಯಲ್ಲಿ ಕುಳಿತು, ನಾನೂ ಅವಳೂ ಮಾಡದ ಅಡುಗೆಯನ್ನು ತಟ್ಟೆ ತುಂಬ ಉಂಡದ್ದನ್ನು ನಾನು ಕಂಡಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ಮ್ಯೂಸಿಯಂ ಎಲ್ಲ ನೆಪ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನನ್ನ ಹೆಂಡತಿ ಮೂವತ್ತೆಂಟು ವರ್ಷಗಳಿಂದ ಏಕಾದಶಿ ಉಪವಾಸ ಮಾಡಿಕೊಂಡು ಬಂದವಳು. ಮಗಳು ಚಿಕ್ಕವಳಿದ್ದಾಗ ಟೈಫಾಯ್ಡ್ ಬಂದು ಕೈಬಿಟ್ಟುಹೋಗುವಂತಾಗಿತ್ತು. ಆಗ ಹೊತ್ತ ಹರಕೆ. ಅಂದು ಅಕ್ಕಿ, ಗೋಧಿ, ಬೇಳೆ ಯಾವುದನ್ನೂ ಮುಟ್ಟುವುದಿಲ್ಲ. ಹಾಲು, ಹಣ್ಣು ಅಷ್ಟೇ. ಒಂದು ಸಲವೂ ತಪ್ಪಿರಲಿಲ್ಲ.

ನಮ್ಮ ಮನೆಯಲ್ಲಿ ಎರಡು ಲೆಕ್ಕ ಇವೆ. ಮೈಸೂರಿನಿಂದ ನಾದಿನಿ ಕಳಿಸುವ ಗೋಡೆ ಕ್ಯಾಲೆಂಡರ್ ಒಂದು, ಇಲ್ಲಿಯ ದೇವಸ್ಥಾನದವರು ತಿಂಗಳು ತಿಂಗಳು ನನ್ನ ಫೋನಿಗೆ ಕಳಿಸುವ ಪಟ್ಟಿ ಇನ್ನೊಂದು. ಇಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿ ಸಂಜೆಯಾಗಿರುತ್ತದೆ. ಹಾಗಾಗಿ ಕೆಲವು ಸಲ ತಿಥಿ ಇಲ್ಲಿ ಒಂದು ದಿನ ಮುಂಚೆಯೇ ಬರುತ್ತದೆ. ಇಲ್ಲಿರುವವರು ಇಲ್ಲಿಯ ಲೆಕ್ಕವನ್ನೇ ಹಿಡಿಯಬೇಕೆಂದು ಪುರೋಹಿತರು ಹೇಳಿದ ಮೇಲೆ ನಾವು ಫೋನಿನ ಪಟ್ಟಿಯನ್ನೇ ನಂಬುತ್ತಿದ್ದೆವು. ಅವಳಿಗೆ ಫೋನಿನ ಸಣ್ಣ ಅಕ್ಷರ ಕಾಣದು. ನಾನು ನೋಡಿ ಹೇಳುತ್ತಿದ್ದೆ, ಅವಳು ಉಪವಾಸ ಮಾಡುತ್ತಿದ್ದಳು.

ಆ ಬುಧವಾರ ಸೊಪ್ಪು ಬಿಡಿಸುತ್ತ, "ಈ ಸಲ ಏಕಾದಶಿ ಯಾವತ್ತು ರೀ?" ಎಂದಳು.

ಫೋನ್ ತೆಗೆದೆ. ಶನಿವಾರ. ತಲೆಯೆತ್ತಿ ಗೋಡೆ ನೋಡಿದೆ. ಅಲ್ಲಿ ಭಾನುವಾರ ಎಂದಿತ್ತು.

"ಭಾನುವಾರ," ಎಂದೆ.

"ಸದ್ಯ," ಎಂದು ಅವಳು ಸೊಪ್ಪಿನ ಕಡೆಗೆ ತಿರುಗಿದಳು.

ಸುಳ್ಳು ಹೇಳಿದೆನೇ? ಗೋಡೆಯ ಮೇಲೆ ಭಾನುವಾರ ಎಂದೇ ಅಚ್ಚಾಗಿತ್ತಲ್ಲ. ಯಾವ ಊರಿನ ಭಾನುವಾರ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ತಿಥಿ ಆಕಾಶದ್ದು, ಕ್ಯಾಲೆಂಡರ್ ಮನುಷ್ಯರದ್ದು ಎಂದೆಲ್ಲ ಎರಡು ದಿನ ನನ್ನೊಳಗೇ ವಾದ ಮಾಡಿಕೊಂಡೆ. ಒಮ್ಮೆ ನಾನೇ ಸರಿ ಅನ್ನಿಸುತ್ತಿತ್ತು. ಸ್ನಾನ ಮಾಡಿ ದೇವರ ಮುಂದೆ ನಿಂತರೆ ಅನ್ನಿಸುತ್ತಿರಲಿಲ್ಲ. ನಿಜ ಹೇಳಿದ್ದರೆ ಅವಳು ಬೇಡವೆನ್ನುತ್ತಿರಲಿಲ್ಲ. ಎರಡು ಬಾಳೆಹಣ್ಣು ಚೀಲದಲ್ಲಿಟ್ಟುಕೊಂಡು ನಗುತ್ತಲೇ ಬರುತ್ತಿದ್ದಳು. ನನಗೆ ಆ ಬಾಳೆಹಣ್ಣು ಬೇಡವಾಗಿತ್ತು.

ಶನಿವಾರ ಬೆಳಿಗ್ಗೆ ಅವಳು ಇಡ್ಲಿ ತಿಂದಳು. ಮೊಮ್ಮಗಳು ಕಾರು ಓಡಿಸಿದಳು. ಮ್ಯೂಸಿಯಮ್ಮಿನಲ್ಲಿ ಅವಳ ಅಜ್ಜಿ ದೊಡ್ಡ ಪ್ರಾಣಿಯ ಮೂಳೆಗಳ ಕೆಳಗೆ ನಿಂತು, "ಇದು ಏನು ತಿಂತಿತ್ತೇ?" ಎಂದು ಕೇಳಿದಳು.

"ಪ್ಲಾಂಟ್ಸ್, ಅಜ್ಜಿ. ವೆಜಿಟೇರಿಯನ್."

"ಸೊಪ್ಪು ತಿಂದು ಇಷ್ಟು ದಪ್ಪನಾ? ನಿಮ್ಮ ತಾತನೇ ವಾಸಿ."

ಊಟಕ್ಕೆ ಒಂದು ಮೆಕ್ಸಿಕನ್ ಹೋಟೆಲಿಗೆ ಹೋದೆವು. ಅಡುಗೆಗೆ ಹಂದಿಯ ಕೊಬ್ಬು ಹಾಕುವುದಿಲ್ಲವೆಂದು ಮೊಮ್ಮಗಳು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಕೆಂಪು ಅನ್ನ, ಕಪ್ಪು ಕಾಳು, ಮುಸುಕಿನ ಜೋಳದ ತೆಳ್ಳನೆಯ ರೊಟ್ಟಿ ಬಂತು. ನನ್ನ ಹೆಂಡತಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ತುಂಡು ಮುರಿದು ತಿಂದು, "ಕೈಲಿ ತಟ್ಟಿದಾರೆ ರೀ, ಅಂಚು ನೋಡಿ," ಎಂದಳು. ಅನ್ನ ಇನ್ನಷ್ಟು ಬೇಕೆಂದಳು. ಅವಳು ಹಾಗೆ ಕೇಳಿ ಹಾಕಿಸಿಕೊಂಡದ್ದನ್ನು ನಾನು ಅಂದೇ ನೋಡಿದ್ದು. ಒಂದು ಗಳಿಗೆ ನನಗೆ ಏಕಾದಶಿ ಮರೆತೇ ಹೋಗಿತ್ತು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ, "ಅಯ್ಯೋ, ಆಂಟಿ! ನೀವಿಲ್ಲಿ?" ಎಂದು ದನಿ ಬಂತು. ದೇವಸ್ಥಾನದಲ್ಲಿ ಪರಿಚಯವಾದ, ಕೇಟಿಯ ಕಡೆಯೇ ಇರುವ ಹೆಣ್ಣುಮಗಳು. ಎದ್ದು ಬಂದು ನಮ್ಮ ತಟ್ಟೆ ನೋಡಿದಳು. ಆಮೇಲೆ, "ಅಲ್ಲ ಆಂಟಿ, ಇವತ್ತು ಏಕಾದಶಿ ಅಲ್ವಾ? ನಾನೇನೋ ಮಾಡಲ್ಲ, ಆದ್ರೆ ನೀವು ಯಾವತ್ತೂ ಬಿಟ್ಟೋರಲ್ಲ..." ಎಂದಳು.

ನನ್ನ ಹೆಂಡತಿಯ ಕೈ ತಟ್ಟೆಯ ಮೇಲೆ ನಿಂತಿತು. ನನ್ನ ಮುಖ ನೋಡಿದಳು.

"ನಮ್ಮದು ನಾಳೆ," ಎಂದೆ ನಾನು. "ನಾವು ಮೈಸೂರಿನ ಕ್ಯಾಲೆಂಡರ್ ನೋಡೋದು."

ಮೈಸೂರಿನದನ್ನು ನಾವು ನೋಡುವುದಿಲ್ಲವೆಂದು ನನ್ನ ಹೆಂಡತಿಗೆ ಗೊತ್ತಿತ್ತು. ಆದರೂ ಆ ಹೆಣ್ಣುಮಗಳ ಕಡೆ ತಿರುಗಿ, "ಹೌದಮ್ಮ, ನಮ್ಮನೇಲಿ ಹಾಗೇ," ಎಂದಳು. ಇನ್ನೊಬ್ಬರ ಮುಂದೆ ನನ್ನ ಮಾನ ಹೋಗದಿರಲೆಂದು, ಜೀವಮಾನದಲ್ಲಿ ಸುಳ್ಳಾಡದವಳು ನನಗಾಗಿ ಸುಳ್ಳಾಡಿದಳು. ಉಳಿದ ಅನ್ನವನ್ನೂ ಬಿಡದೆ ತಿಂದಳು. ಬಿಟ್ಟರೆ ಗುಟ್ಟು ಬಯಲಾಗುತ್ತಿತ್ತಲ್ಲ.

ಪಾರ್ಕಿಗೆ ಹೋದೆವು. ಅವಳು ಮೊಮ್ಮಗಳ ಜೊತೆ ಮಾತಾಡಿದಳು, ಬಾತುಕೋಳಿ ನೋಡಿದಳು, ಫೋಟೋಗೆ ನನ್ನ ಪಕ್ಕ ನಿಂತಳು. ನನ್ನೊಡನೆ ಮಾತಿಲ್ಲ. ಕೋಪವೋ, ಸಂಕಟವೋ, ಸುಸ್ತೋ ನನಗೆ ಗೊತ್ತಾಗಲಿಲ್ಲ. "ಬೆಸ್ಟ್ ಡೇ, ಅಲ್ವಾ ತಾತಾ?" ಎಂದು ಮೊಮ್ಮಗಳು ಕೇಳಿದಾಗ ತಲೆಯಾಡಿಸಿದೆ.

ಭಾನುವಾರ ಮೊಮ್ಮಗಳು ಆಸ್ಟಿನ್‌ಗೆ ಹೊರಟ ಮೇಲೆ ನನ್ನ ಹೆಂಡತಿ ಏನೂ ತಿನ್ನಲಿಲ್ಲ. ಹಾಲು ಕೂಡ ಕುಡಿಯಲಿಲ್ಲ. ನಾನೂ ಮುಟ್ಟಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ, "ನೀವ್ಯಾಕೆ ಹಸ್ಕೊಂಡಿದೀರ? ಮಾತ್ರೆ ತಗೋಬೇಕಲ್ವಾ?" ಎಂದಳು.

ಆಗ ಹೇಳಿದೆ. ಫೋನ್ ನೋಡಿದ್ದು, ಗೋಡೆ ನೋಡಿದ್ದು, ಯಾಕೆಂಬುದು, ಎಲ್ಲ ಹೇಳಿದೆ.

"ಅಲ್ಲ, ನನ್ನನ್ನ ಒಂದ್ಮಾತು ಕೇಳಿದ್ರೆ ಮುಂದಿನ ಏಕಾದಶೀಲಿ ತೀರಿಸ್ತೀನಿ ಅಂತ ದೇವ್ರಿಗೆ ಹೇಳ್ಕೊಂಡು, ನಾನೇ ಒಂದು ದಾರಿ ಮಾಡ್ತಿದ್ನಲ್ರೀ," ಎಂದಳು. ಆಮೇಲೆ, "ಊಟ ಚೆನ್ನಾಗಿತ್ತು. ಅದಕ್ಕೇ ಜಾಸ್ತಿ ಬೇಜಾರು," ಎಂದಳು.

ಅವಳು ಎದ್ದು ಹೋಗಿ ಒಂದು ಬಟ್ಟಲು ಮೊಸರನ್ನ ಕಲಸಿ ತಂದು, ಮಾತ್ರೆಯ ಜೊತೆ ನನ್ನ ಮುಂದಿಟ್ಟಳು. "ಇದು ನನ್ನ ಹರಕೆ, ನಿಮ್ಮದಲ್ಲ. ತಿನ್ನಿ," ಎಂದಳು.

ಕ್ಷಮಿಸಿದಳೋ, ದೂರವಿಟ್ಟಳೋ ನನಗೆ ಇಂದಿಗೂ ತಿಳಿದಿಲ್ಲ. ಅವಳು ಎದುರಿಗೇ ಕುಳಿತು ನೋಡುತ್ತಿದ್ದಳು. ನಾನು ತಿಂದೆ.