ಎರಡನೇ ಮಗನಿಗೆ ಡಚ್ಚನ ಹೆಸರು

ಗಲ್ಫಿನಲ್ಲಿ, ಫರ್ವಾನಿಯಾದ ನಮ್ಮ ಸಣ್ಣ ಫ್ಲಾಟಿಗೆ ಡಚ್ಚನೊಬ್ಬ ಬಂದು ವಕ್ಕರಿಸಿದ್ದು ನನ್ನ ಗಂಡನ ಆಫೀಸಿನ ಮುದೀರನ ದೆಸೆಯಿಂದ. ಮುದೀರ್ ಎಂದರೆ ಅಲ್ಲಿ ಮ್ಯಾನೇಜರು. ಮಿರ್ಕಾಬಿನ ಆ ಆಫೀಸಿನಲ್ಲಿ ಒಮ್ಮೆ ಚಹಾ ಕುಡಿಯುತ್ತಾ ಆತ ತನ್ನ ಅಪ್ಪ, ಅಜ್ಜ, ಮುತ್ತಜ್ಜ ಎಂದು ಹೆಸರುಗಳನ್ನು ಬಾಯಿಪಾಠ ಒಪ್ಪಿಸಿದನಂತೆ. ಆಮೇಲೆ ಇವರ ಕಡೆ ತಿರುಗಿ, "ನಿನ್ನ ಅಜ್ಜನ ಅಜ್ಜ ಯಾರು?" ಎಂದು ಕೇಳಿದನಂತೆ. ಇವರಿಗೆ ಅಜ್ಜನಿಂದಾಚೆ ಒಂದಕ್ಷರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಚಹಾ ಮುಗಿಸಿ ಏಳಬಹುದಿತ್ತು. "ನಮ್ಮ ಮೂಲಪುರುಷ ಹಾಲೆಂಡಿನವನು" ಎಂದುಬಿಟ್ಟರು.

ಆಧಾರ ಏನೆಂದರೆ, ಇವರ ಅಜ್ಜನ ತಮ್ಮನಿಗೆ ಒಂದು ಡಚ್ ಹೆಸರಿತ್ತು. ಮಂಗಳೂರು ಕಡೆಯ ಕ್ಯಾಥೊಲಿಕರ ಮನೆಗಳಲ್ಲಿ ನಾನು ಕೇಳಿಯೇ ಇರದ ಹೆಸರು. ಆತ ಮದುವೆಯಾಗದೆ ಸತ್ತಿದ್ದರಿಂದ ಅದು ಅಲ್ಲಿಗೆ ನಿಂತಿತ್ತು. ಇನ್ನೊಂದು ಆಧಾರ, ಇವರ ಸೋದರತ್ತೆಯ ಬೆಕ್ಕಿನ ಕಣ್ಣು. ಬಸ್ರೂರಿಗೆ ಅಕ್ಕಿ ವ್ಯಾಪಾರಕ್ಕೆ ಬರುತ್ತಿದ್ದ ಡಚ್ಚನೊಬ್ಬ ಕೊಚ್ಚಿಯಲ್ಲಿ ತೀರಿಕೊಂಡ ಎಂಬ ಮಾತೂ ಮನೆಯಲ್ಲಿತ್ತು. ಮನೆತನದ ಹೆಸರು ಮಾತ್ರ ಅಪ್ಪಟ ಪೋರ್ಚುಗೀಸ್. ಅದನ್ನೆತ್ತಿದರೆ, "ಅದೆಲ್ಲ ಮತ್ತೆ ಬದಲಾದ್ದು ಮಾರಾಯ್ತಿ, ನಿನಗೆ ಗೊತ್ತಾಗುದಿಲ್ಲ" ಎನ್ನುತ್ತಿದ್ದರು.

ಅಲ್ಲಿಂದ ನಮ್ಮ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಕೊಚ್ಚಿಯ ಹಳೇ ಡಚ್ ಇಗರ್ಜಿಯ ಜ್ಞಾನಸ್ನಾನದ ದಾಖಲೆ, ಮದುವೆಯ ದಾಖಲೆ, ಸತ್ತವರ ಉಯಿಲು, ಎಲ್ಲದರ ಜೆರಾಕ್ಸ್ ಪ್ರತಿಗಳು ಅದರ ಮೇಲೆ. ಗಂಜಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದು ನಾನು ಮತ್ತು ದೊಡ್ಡ ಮಗ. ಒಂದು ಶುಕ್ರವಾರ ಯಾರೋ ಹಡಗಿನ ಕಪ್ತಾನ ನಮ್ಮ ಪೂರ್ವಜನಾದ. ಆ ಖುಷಿಗೆ ಮನೆಗೆ ಬಿರಿಯಾನಿ ಬಂತು. ಮರು ಶುಕ್ರವಾರ, ಆತ ಮದುವೆಗೆ ಮೊದಲೇ ಸತ್ತವನೆಂದು ತಿಳಿಯಿತು. ಇವರು ಸ್ವಂತ ಅಜ್ಜನಿಗೂ ಅಷ್ಟು ಅತ್ತಿರಲಿಕ್ಕಿಲ್ಲ.

ಆಗ ನಾನು ಬಸುರಿ. ಸ್ಕ್ಯಾನಿಂಗಿನಲ್ಲಿ ಗಂಡು ಎಂದಿದ್ದರು. ನಮ್ಮವರಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ದೊಡ್ಡವನಿಗೆ ಮಾವನ ಹೆಸರಿಟ್ಟಾಗ ನಾನು ತುಟಿ ಪಿಟಕ್ಕೆನ್ನಲಿಲ್ಲ. ಈ ಸಲ ಸರದಿ ನನ್ನ ಅಪ್ಪನದು. ನಾವು ಮೂವರೂ ಹೆಣ್ಣುಮಕ್ಕಳು, ಅಕ್ಕಂದಿರಿಗೂ ಹೆಣ್ಣುಮಕ್ಕಳೇ. ಅಪ್ಪ ಹಿಂದಿನ ವರ್ಷ ತೀರಿಕೊಂಡಾಗ ನನ್ನ ಪಾಸ್‌ಪೋರ್ಟು ಇಕಾಮಾದ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯ, ನವೀಕರಣಕ್ಕೆ ಹೋಗಿತ್ತು. ಅದು ಕೈಗೆ ಬರುವ ಹೊತ್ತಿಗೆ ಮಣ್ಣು ಮುಗಿದಿತ್ತು. ಹೆಸರೊಂದಾದರೂ ನನ್ನಿಂದ ಅಪ್ಪನಿಗೆ ಸಲ್ಲಲಿ ಎಂದು ಕಾಯುತ್ತಿದ್ದೆ.

"ಎರಡನೆಯವನಿಗೆ ಡಚ್ಚನ ಹೆಸರು ಇಡುವ" ಎಂದರು ಇವರು, ಮೀನಿನ ಮುಳ್ಳು ಬಿಡಿಸುತ್ತಾ. "ಸತ್ತುಹೋದ ಹೆಸರು, ಪುನಃ ಜೀವ ಬರ್ತದೆ."

"ನನ್ನ ಅಪ್ಪನೂ ಸತ್ತುಹೋದವರೇ."

"ಹಾಗಲ್ಲ ಮಾರಾಯ್ತಿ. ಇದು ವಂಶದ ಮೂಲ. ಮುದೀರನ ಹತ್ರ ಹೇಳಿ ಆಗಿದೆ."

ಮುದೀರನ ಹತ್ತಿರ ಹೇಳಿಯಾಗಿದೆಯಂತೆ! ಹೊಟ್ಟೆಯಲ್ಲಿರುವುದು ನನ್ನ ಮಗು, ಅದಕ್ಕೊಂದು ಹೆಸರಿಡಲು ಮುದೀರನ ಮರ್ಜಿ. ಆ ವಾರ ನಾನು ಇವರೊಡನೆ ಮಾತಾಡಲಿಲ್ಲ. ಇವರಿಗೆ ಅದು ಗೊತ್ತೇ ಆಗಲಿಲ್ಲ, ಜೆರಾಕ್ಸಿನೊಳಗೆ ಮುಳುಗಿದ್ದರು.

ಕೊನೆಗೆ ಕೊಚ್ಚಿಯಿಂದ ಒಂದು ಉಯಿಲು ಬಂತು. ಸಹಿಯಲ್ಲಿ ಅಜ್ಜನ ತಮ್ಮನದೇ ಹೆಸರು. ಉಳಿದದ್ದೆಲ್ಲ ಹಳೇ ಡಚ್ ಭಾಷೆ, ಕೋಳಿ ಕೆದರಿದಂಥ ಅಕ್ಷರ. ನಾನು ನರ್ಸಾಗಿದ್ದ ಆಸ್ಪತ್ರೆಯಲ್ಲಿ ಹಾಲೆಂಡಿನ ಡಾಕ್ಟರಮ್ಮ ಒಬ್ಬರಿದ್ದರು. ಅವರಿಂದ ಓದಿಸಿಕೊಂಡು ಬಾ ಎಂದು ಇವರು ನನ್ನನ್ನೇ ಅಟ್ಟಿದರು. ಬಾತುಕೊಂಡ ಕಾಲೆಳೆದುಕೊಂಡು ಹೋದೆ.

ಡಾಕ್ಟರಮ್ಮ ಕನ್ನಡಕ ಏರಿಸಿ, ಇಳಿಸಿ, ತಡವರಿಸುತ್ತಾ ಓದಿದರು. ಮಂಚ, ತಾಮ್ರದ ಹಂಡೆ, ಒಂದು ಮುದಿ ಕುದುರೆ. ಗಂಡುಮಕ್ಕಳಿಲ್ಲ, ಒಬ್ಬಳೇ ಮಗಳು. ಅವಳ ಗಂಡನ ಮನೆತನದ ಹೆಸರು ನಮ್ಮದೇ! "ಮಗಳ ಎರಡನೇ ಮಗ, ನನ್ನ ಹೆಸರು ಹೊತ್ತವನಿಗೆ, ನನ್ನ ಕೋಟಿನ ಬೆಳ್ಳಿಯ ಗುಂಡಿಗಳು."

ಡಾಕ್ಟರಮ್ಮನಿಗೆ ಸೋಜಿಗ. "ಮೊದಲ ಮಗನನ್ನು ಬಿಟ್ಟು ಎರಡನೆಯವನಿಗೆ ಯಾಕೆ ಅಜ್ಜನ ಹೆಸರು?" ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮನೆಯಲ್ಲಿ ಇವರು ಬಾಗಿಲಲ್ಲೇ ಕಾಯುತ್ತಿದ್ದರು. "ಸಿಕ್ಕಿದನಾ?"

"ಸಿಕ್ಕಿದ. ಆದರೆ ಮೂಲಪುರುಷ ಅಲ್ಲ ಮಾರಾಯ್ರೆ. ನಿಮ್ಮ ಮನೆಗೆ ಬಂದ ಸೊಸೆಯ ಅಪ್ಪ."

ಎಲ್ಲ ಹೇಳಿದೆ. ಇವರು ಕುರ್ಚಿಯಲ್ಲಿ ಕುಸಿದರು. "ಹಾಗಾದ್ರೆ ನಮ್ಮ ಮೂಲ?"

"ಯಾವನೋ ಕೊಂಕಣಿ. ಡಚ್ಚನ ಹೆಸರು ನಿಮ್ಮಲ್ಲಿ ಉಳಿದದ್ದು ಆ ಸೊಸೆಯಿಂದ. ಎರಡನೆಯವನಿಗೆ ನನ್ನ ಅಪ್ಪನ ಹೆಸರೇ ಆಗಬೇಕು ಅಂತ ಅವಳು ಪಟ್ಟು ಹಿಡಿದಿರಬೇಕು. ಅವಳ ಗಂಡನ ಹತ್ತಿರ ಮುದೀರ್ ಇರಲಿಲ್ಲ, ಪುಣ್ಯ."

ಇವರು ಕಾಗದಗಳನ್ನು ಒಟ್ಟುಮಾಡಿ ಕಪಾಟಿನ ಮೇಲಿಟ್ಟರು. ಹೆಸರಿನ ಸುದ್ದಿ ಮಾತ್ರ ಎತ್ತಲೇ ಇಲ್ಲ, ಹೆರಿಗೆಯವರೆಗೂ. ನನಗೂ ಕೇಳಿ ಸಾಕಾಗಿತ್ತು.

ಮಗು ಹುಟ್ಟಿದ ಮೇಲೆ ಜನನ ಪತ್ರಕ್ಕೆ ಓಡಾಡಿದ್ದು ಇವರು. ನಾನಿನ್ನೂ ಆಸ್ಪತ್ರೆಯ ಮಂಚದಲ್ಲೇ ಇದ್ದೆ. ಬೆವರೊರೆಸುತ್ತಾ ಬಂದು ಕಾಗದವನ್ನು ನನ್ನ ಮಡಿಲಲ್ಲಿಟ್ಟರು. ಪೂರ್ತಿ ಅರಬಿ. ನನಗೆ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ.

"ಏನು ಬರೆಸಿದಿರಿ?"

"ಎಂತ ಕಿರಿಕಿರಿ ಮಾರಾಯ್ತಿ! ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಹೇಳು ಅಂದ ಅಲ್ಲಿನ ಗುಮಾಸ್ತ. ನಿನ್ನ ಅಪ್ಪನ ಹೆಸರು ಹೇಳಿದೆ. ಇದು ನಿನ್ನ ಅಪ್ಪನದಾ ಅಂತ ಕೇಳಿದ. ಅಲ್ಲ, ಹೆಂಡತಿಯ ಅಪ್ಪನದು ಅಂದೆ. ತಾಯಿಯ ಅಪ್ಪನಿಗೆ ಇದರಲ್ಲಿ ಜಾಗ ಇಲ್ಲ ಅಂದ." ಇವರು ಕಾಗದದ ಮೇಲೆ, ಬಲಗಡೆಯ ತುದಿಯಲ್ಲಿ ಬೆರಳಿಟ್ಟರು. "ನಡುವೆ ಬೇಡ, ಎಲ್ಲರಿಗಿಂತ ಮೊದಲು ಬರಿ, ಅದು ಮಗುವಿನದೇ ಹೆಸರು ಅಂದೆ. ನೋಡು, ಇಲ್ಲಿ. ಮತ್ತೆ ನಾನು. ಅದರ ಮತ್ತೆ ನನ್ನ ಅಪ್ಪ."

ಓದಲು ಬಾರದ ಆ ಅಕ್ಷರಗಳನ್ನು ನೋಡುತ್ತಲೇ ಇದ್ದೆ. ಅಪ್ಪನ ಮಣ್ಣಿನ ದಿನ ಬಾರದ ಅಳು ಅಂದು ಬಂತು.

"ಅಳಬೇಡ ಮಾರಾಯ್ತಿ," ಇವರು ಗಡಬಡಿಸಿ ಕಾಗದ ಎಳೆದುಕೊಂಡರು. "ಮುದ್ರೆ ಒದ್ದೆಯಾದ್ರೆ ಪುನಃ ನಾನೇ ಕ್ಯೂ ನಿಲ್ಬೇಕು."