ಪ್ರೇಮನಾಥ ಮತ್ತು ಮನೆ ಹಿಂದಿನ ಗುಡ್ಡ

ಠಾಣೆಯ ವರ್ತಕ ನಗರದ ಮಾರ್ಕೆಟ್ ಗಲ್ಲಿಯಲ್ಲಿ ಜಯಲತಾ ಫೋಟೊ ಸ್ಟುಡಿಯೋ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಅಲ್ಲಿ ಜಯಲತಾ ಎಂಬುವರು ಯಾರೂ ಇಲ್ಲ. ಅದು ಹಿಂದಿನ ಮಾಲೀಕರ ಮಗಳ ಹೆಸರು. ಅಂಗಡಿ ಕೈಗೆ ಬಂದಾಗ ಬೋರ್ಡು ಬದಲಿಸುವ ಉಸಾಬರಿ ಯಾರಿಗೆ ಬೇಕೆಂದು ಪ್ರೇಮನಾಥ ಹಾಗೆಯೇ ಬಿಟ್ಟುಬಿಟ್ಟ. ಪರಿಣಾಮ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಅವನ ಹೆಂಡತಿ ಮೋಹಿನಿ ಇಡೀ ಗಲ್ಲಿಗೆ ‘ಜಯಲತಾ ಭಾಭಿ’ಯಾದಳು. ಮೊದಮೊದಲು ಸಿಡುಕುತ್ತಿದ್ದಳು. ಈಗ ಸ್ವಂತ ಹೆಸರಿಗಿಂತ ಆ ಹೆಸರಿಗೇ ಬೇಗ ತಿರುಗಿ ನೋಡುತ್ತಾಳೆ.

ಪ್ರೇಮನಾಥ ಮೂಲ್ಕಿ ಕಡೆಯವನು. ಊರಿನ ಎಲ್ಲ ಹುಡುಗರಂತೆ ಅವನೂ ಹೋಟೆಲಿಗೆಂದೇ ಬಂದವನು. ಪಕ್ಕದ ಕಾರ್ಖಾನೆಗಳ ಪ್ರದೇಶ ವಾಗ್ಳೆ ಎಸ್ಟೇಟಿನಲ್ಲಿ ಸೋದರಮಾವ ದೇವದಾಸರ ಹೋಟೆಲಿತ್ತು. ಇಡ್ಲಿ ಪಾತ್ರೆಯ ಹಬೆ, ಕಾರ್ಖಾನೆಯ ಸೈರನ್ನು, ಮಾವನ ಬೈಗುಳ, ಮೂರೂ ಅವನಿಗೆ ಹಿಡಿಸಲಿಲ್ಲ. ಪಕ್ಕದಲ್ಲೇ ಇದ್ದ ಫೋಟೊ ಸ್ಟುಡಿಯೋದ ಕತ್ತಲೆ ಕೋಣೆ ಹಿಡಿಸಿತು. ಬಿಳಿ ಕಾಗದದ ಮೇಲೆ ನೀರಿನಡಿಯಿಂದ ಒಂದು ಮುಖ ಮೆಲ್ಲಗೆ ಮೂಡಿ ಬರುವುದನ್ನು ಮೊದಲ ಸಲ ನೋಡಿದ ದಿನ ಅವನು ಮಾವನ ಗಿರಾಕಿಗೆ ಸಾಂಬಾರು ಬಡಿಸುವುದನ್ನೇ ಮರೆತಿದ್ದ. ಆಮೇಲೆ ಮಾವನೂ ಅವನನ್ನು ಮರೆತರು. ಆ ಕತ್ತಲೆ ಕೋಣೆಯಲ್ಲೇ ಕೆಲಸ ಕಲಿತು ಮುಂದೆ ಜಯಲತಾ ಸ್ಟುಡಿಯೋ ವಹಿಸಿಕೊಂಡ.

ಸ್ಟುಡಿಯೋ ನಡೆಸುವವನಿಗೆ ಕ್ಯಾಮೆರಾ ಎಷ್ಟು ಮುಖ್ಯವೋ ಹಿಂದಿನ ಪರದೆಯೂ ಅಷ್ಟೇ ಮುಖ್ಯ. ಜಯಲತಾ ಸ್ಟುಡಿಯೋದ ಪರದೆ ಬಹಳ ಪ್ರಸಿದ್ಧವಾಗಿತ್ತು. ಮೇಲೆ ಹಿಮದ ಬೆಟ್ಟ, ಕೆಳಗೆ ನೀಲಿ ಸರೋವರ, ಎರಡೂ ಪಕ್ಕ ಕೆಂಪು ಹಳದಿ ಎಲೆಯ ಮರಗಳು. ಅದು ಯಾವ ದೇಶವೆಂದು ಬಿಡಿಸಿದವನಿಗೂ ಗೊತ್ತಿರಲಾರದು. ಗಿರಾಕಿಗಳು ಮಾತ್ರ ‘ಸ್ವಿಟ್ಜರ್ಲೆಂಡ್’ ಎಂದು ತೀರ್ಮಾನ ಮಾಡಿ ಆಗಿತ್ತು. ಬೆವರು ಒರೆಸಿಕೊಳ್ಳುತ್ತಾ ಬಂದು, ಪೌಡರ್ ಹಚ್ಚಿಕೊಂಡು, ಹಿಮದ ಮುಂದೆ ನಿಂತು ನಗುತ್ತಿದ್ದರು. ಪ್ರೇಮನಾಥ ಇಪ್ಪತ್ತು ವರ್ಷ ಅದರ ಅನ್ನವನ್ನೇ ಉಂಡ, ಇಪ್ಪತ್ತು ವರ್ಷ ಅದನ್ನೇ ಬೈದ.

ಬೈಯಲು ಕಾರಣವಿತ್ತು. ಅಂಗಡಿಯ ಬಾಗಿಲಿನಿಂದ ಹೊರಗೆ ಇಣುಕಿದರೆ ಸಾಕು, ಬಿಲ್ಡಿಂಗುಗಳ ಮೇಲೆ ಯೇವೂರ್ ಗುಡ್ಡ ಕಾಣುತ್ತದೆ. ಮುಂಬಯಿಯವರು ಬೋರಿವಲಿಯ ಗೇಟಿನಿಂದ ಹೊಕ್ಕು ನೋಡುವ ರಾಷ್ಟ್ರೀಯ ಉದ್ಯಾನದ ಠಾಣೆಯ ಕಡೆಯ ಬೆನ್ನು ಅದು. ಮಳೆ ನಿಂತು ಶರದೃತು ಕಾಲಿಟ್ಟಿತೆಂದರೆ ಪ್ರೇಮನಾಥನಿಗೆ ಅಂಗಡಿಯಲ್ಲಿ ಕೂರಲು ಆಗುವುದಿಲ್ಲ. ಹಸಿರು ಹುಲ್ಲು ತುದಿಯಿಂದ ಹೊಂಬಣ್ಣಕ್ಕೆ ತಿರುಗುತ್ತದೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಬೆಳಗಿನ ಬಿಸಿಲು ಓರೆಯಾಗಿ ಬಂದು ಒಂದೊಂದು ಕಣಿವೆಯನ್ನೂ ಬಿಡಿಸಿ ತೋರಿಸುತ್ತದೆ. ಭಾನುವಾರ ಬೆಳಿಗ್ಗೆ ಟ್ರೈಪಾಡ್ ಹೆಗಲಿಗೇರಿಸಿ ಗೇಟಿನ ಫಾರೆಸ್ಟ್ ಗಾರ್ಡಿಗೆ ಸಲಾಮು ಹೊಡೆದು ಹತ್ತಿದನೆಂದರೆ ಮೋಹಿನಿ ಊಟಕ್ಕೆ ಕಾಯುವ ಗೋಜಿಗೆ ಹೋಗುತ್ತಿರಲಿಲ್ಲ.

ಅವನ ಆಸೆ ಇಷ್ಟೇ. ಈ ಗುಡ್ಡವನ್ನೇ ದೊಡ್ಡದಾಗಿ ತೆಗೆದು ಪರದೆ ಮಾಡಿಸಬೇಕು, ಸ್ವಿಟ್ಜರ್ಲೆಂಡನ್ನು ಸುತ್ತಿ ಮೂಲೆಗೆ ನಿಲ್ಲಿಸಬೇಕು. ಅದಕ್ಕೆ ತಕ್ಕ ದಿನವೂ ಬೇಕಿತ್ತು. ಆ ಗುಡ್ಡದ ಇಳಿಜಾರಿನಲ್ಲಿ ಕಾರ್ವಿ ಎಂಬ ಗಿಡವಿದೆ, ನಮ್ಮ ಘಟ್ಟದ ಕುರಿಂಜಿ ಹೂವಿನ ಬಳಗದ್ದು. ಎಂಟು ವರ್ಷಕ್ಕೊಮ್ಮೆ ಎಲ್ಲ ಗಿಡಗಳೂ ಒಟ್ಟಿಗೆ ಹೂಬಿಟ್ಟು ಇಳಿಜಾರೆಲ್ಲ ನೇರಳೆಯಾಗುತ್ತದೆ.

ಎರಡು ಸಾವಿರದ ಇಸವಿಯಲ್ಲಿ ಹಾಗೆ ಹೂಬಿಟ್ಟಿತು. ಮಳೆ ಹಿಡಿದೇ ಇದ್ದದ್ದರಿಂದ ಪ್ರೇಮನಾಥ ಕಾದ. ಆಕಾಶ ತಿಳಿಯಾದದ್ದು ಸರಿಯಾಗಿ ಆಯುಧ ಪೂಜೆಯ ದಿನ. ಕ್ಯಾಮೆರಾ ಆಗಲೇ ಚೆಂಡುಹೂವಿನ ಹಾರ ಹಾಕಿಸಿಕೊಂಡು ದೇವರ ಮುಂದೆ ಕೂತಿತ್ತು. ಪೂಜೆಗಿಟ್ಟ ಆಯುಧವನ್ನು ಆವತ್ತು ಮುಟ್ಟುವ ಹಾಗಿಲ್ಲ. ಮಾರನೆಯ ದಿನ, ವಿಜಯದಶಮಿಯ ನಸುಕಿನಲ್ಲಿ, ಹಾರ ತೆಗೆದವನೇ ಗುಡ್ಡಕ್ಕೆ ಓಡಿದ. ಇಡೀ ರೋಲು ಮುಗಿಸಿ ಬಂದು ತೊಳೆದು ನೋಡಿದರೆ ಪ್ರತಿ ಫೋಟೊದ ಆಕಾಶದಲ್ಲೂ ಮಸುಕು ಮಸುಕಾಗಿ ಒಂದು ಕೆಂಪು ಮಚ್ಚೆ. ಮೋಹಿನಿ ಭಕ್ತಿಯಿಂದ ಕುಂಕುಮವಿಟ್ಟಿದ್ದು ಕ್ಯಾಮೆರಾದ ಹಣೆಗೆ. ಅವಳ ಲೆಕ್ಕದಲ್ಲಿ ಕ್ಯಾಮೆರಾದ ಹಣೆ ಎಂದರೆ ಲೆನ್ಸಿನ ಗಾಜು.

“ಮತ್ತೆ ಎಲ್ಲಿಗೆ ಇಡುದು? ಅದಕ್ಕೆ ಬೇರೆ ಮುಖ ಉಂಟಾ?” ಎಂದಳು ಮೋಹಿನಿ.

ಅವನಿಗೆ ಅಳು ಬಂದಿತ್ತು. ಆದರೆ ಪ್ರಶ್ನೆ ಕೇಳಿ ನಗು ಬಂತು. ಮತ್ತೆ ಹೋಗುವಷ್ಟರಲ್ಲಿ ಹೂವು ಬಾಡಿತ್ತು. ಎಂಟು ವರ್ಷ ಕಾಯುವುದೊಂದೇ ದಾರಿ. ಕಾದ.

ಎರಡು ಸಾವಿರದ ಎಂಟಕ್ಕೆ ಕಾಲ ಬದಲಾಗಿತ್ತು. ಫಿಲ್ಮ್ ಹೋಗಿ ಡಿಜಿಟಲ್ ಬಂದಿತ್ತು. ಬೇಕಾದಷ್ಟು ದೊಡ್ಡ ಫ್ಲೆಕ್ಸ್ ಒಂದೇ ಮಧ್ಯಾಹ್ನದಲ್ಲಿ ಮುದ್ರಿಸಿ ಕೊಡುವವರು ಗಲ್ಲಿಗೊಬ್ಬರಾಗಿದ್ದರು. ಈ ಸಲ ಪ್ರೇಮನಾಥ ಆಯುಧ ಪೂಜೆಯ ತನಕ ಕಾಯಲಿಲ್ಲ. ನವರಾತ್ರಿಗೆ ಮುಂಚೆಯೇ ಒಂದು ಬೆಳಿಗ್ಗೆ ಹೋಗಿ ತೆಗೆದುಕೊಂಡು ಬಂದ. ಮುಂದೆ ನೇರಳೆ ಹೂವಿನ ಇಳಿಜಾರು, ಅದರಾಚೆ ಹೊಂಬಣ್ಣದ ಹುಲ್ಲು, ಅದರ ಮೇಲೆ ಯೇವೂರಿನ ಬೆನ್ನು, ತಿಳಿಯಾದ ಆಕಾಶ. ಫ್ಲೆಕ್ಸ್ ಗೋಡೆಗೆ ಏರಿದ ದಿನ ಅವನು ಅಂಗಡಿಗೆ ಬಂದವರಿಗೆಲ್ಲ ಅರ್ಧ ಗ್ಲಾಸಿನ ಕಟಿಂಗ್ ಚಹಾ ಕುಡಿಸಿದ.

ಚಹಾ ಎಲ್ಲರೂ ಕುಡಿದರು. ಗುಡ್ಡದ ಮುಂದೆ ಯಾರೂ ನಿಲ್ಲಲಿಲ್ಲ.

“ಇದು ಯೇವೂರ್ ಅಲ್ವಾ? ಇದು ನಮ್ಮ ಬಾತ್ರೂಮಿನ ಕಿಟಕಿಯಿಂದಲೇ ಕಾಣ್ತದೆ,” ಎಂದು ಒಬ್ಬರು ಸ್ವಿಟ್ಜರ್ಲೆಂಡ್ ಕೇಳಿದರು. ವಧುಪರೀಕ್ಷೆಗೆ ಮಗಳ ಫೋಟೊ ತೆಗೆಸಲು ಬಂದ ಮರಾಠಿ ತಾಯಿ, ಹಿಂದೆ ಕಾಡು ಕಂಡರೆ ಹುಡುಗಿ ಎಲ್ಲಿಯವಳು ಎಂದುಕೊಂಡಾರೋ ಎಂದು ಹೆದರಿದಳು. ಮನೆಯಲ್ಲೇ ಬೆಂಬಲವಿರಲಿಲ್ಲ. ಕಾಲೇಜಿಗೆ ಹೋಗುವ ಮಗ ರಿತೇಶ್‌ಗೆ ಅಪ್ಪ ಅಮ್ಮನ ಮಾತು ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. “ಪಪ್ಪಾ, ಘರ್ ಕೇ ಪೀಛೇ ಕಾ ಪಹಾಡ್ ಕೌನ್ ದೇಖೇಗಾ?” ಎಂದು ಅವನು ಭುಜ ಕುಣಿಸಿದ. ಮನೆ ಹಿಂದಿನ ಗುಡ್ಡವನ್ನು ಯಾರು ನೋಡುತ್ತಾರೆ! ಕೇಳಿದ ದಿನ ಪ್ರೇಮನಾಥ ಸರಿಯಾಗಿ ಊಟ ಮಾಡಲಿಲ್ಲ.

ದೀಪಾವಳಿ ಹೋಯಿತು, ಮದುವೆ ಸೀಸನ್ ಹೋಯಿತು. ಮೋಹಿನಿ ವ್ಯವಹಾರದ ಹೆಂಗಸು. ಏಪ್ರಿಲ್ ತಿಂಗಳಲ್ಲಿ ಅವಳು ಮಾತು ತೆಗೆದಳು.

“ನೋಡಿ, ನಮ್ಮ ಬಾಲ್ಕನಿ ಮಳೆಗೆ ಸೋರ್ತದೆ. ಎಲ್ಲರೂ ಹಳೆ ಫ್ಲೆಕ್ಸ್ ಹೊದೆಸ್ತಾರೆ. ನಿಮ್ಮದು ಒಳ್ಳೆ ಗಟ್ಟಿ ಉಂಟು.”

“ನನ್ನ ಗುಡ್ಡವನ್ನು ಬಾಲ್ಕನಿಗಾ?”

“ಜೂನಿನ ಒಳಗೆ ಒಬ್ಬರಾದ್ರೂ ಬಾಯಿಬಿಟ್ಟು ‘ನಂಗೆ ಈ ಗುಡ್ಡವೇ ಬೇಕು’ ಅಂದ್ರೆ ಇರ್ಲಿ. ಇಲ್ಲದಿದ್ರೆ ನಾನು ಕೇಳುವವಳಲ್ಲ. ನೀವಾಗಿ ಯಾರಿಗೂ ಹೇಳ್ಲಿಕ್ಕಿಲ್ಲ ಮಾರಾಯ್ರೆ, ಅದು ಲೆಕ್ಕಕ್ಕಿಲ್ಲ.”

ಪ್ರೇಮನಾಥ ಒಪ್ಪಿದ. ಎಂಟು ವರ್ಷ ಕಾದು ತಂದ ಹೂವು ನೀರು ಸೋರುವ ಬಾಲ್ಕನಿಯ ಮೇಲೆ ಕವುಚಿ ಬೀಳುವುದನ್ನು ನೆನೆದು ರಾತ್ರಿ ಎದ್ದು ಕೂರುತ್ತಿದ್ದ. ಆದರೂ ಮಾತಿಗೆ ತಪ್ಪಲಿಲ್ಲ. ಗಿರಾಕಿ ಬಂದಾಗ ಎರಡೂ ಪರದೆ ತೋರಿಸಿ, ತುಟಿ ಕಚ್ಚಿ, ಟ್ಯೂಬ್‌ಲೈಟ್ ನೋಡುತ್ತಾ ನಿಲ್ಲುತ್ತಿದ್ದ. ಮೇ ತಿಂಗಳ ತುಂಬ ಜನ ಹಿಮದ ಮುಂದೆಯೇ ನಕ್ಕರು.

ತಿಂಗಳ ಕೊನೆಗೆ ಸೈದಪ್ಪ ಬಂದ. ವಿಜಯಪುರದ ಕಡೆಯವನು, ವಾಗ್ಳೆ ಎಸ್ಟೇಟಿನಲ್ಲಿ ಟೆಂಪೊಗಳಿಗೆ ಮಾಲು ಹೇರುವವನು. ಜೊತೆಗೆ ಹೆಂಡತಿ ದ್ರೌಪದಿ, ಅವಳ ಸೊಂಟದ ಮೇಲೆ ಪುಟ್ಟ ಮಗಳು ಜ್ಯೋತಿ. ಊರಿಗೆ ಹೊರಟಿದ್ದರು, ಒಯ್ಯಲು ಒಂದು ಫೋಟೊ ಬೇಕಾಗಿತ್ತು.

“ಆ ಬರಫಿನ ಗುಡ್ಡದ ಮುಂದ ನಿಂದರ್ತೀವ್ರಿ ಅಣ್ಣಾರ,” ಎಂದ ಸೈದಪ್ಪ ಹಿಂದೆಮುಂದೆ ನೋಡದೆ.

ಪ್ರೇಮನಾಥ ಹಿಮದ ಪರದೆ ಇಳಿಸಲು ಕೈ ಎತ್ತಿದ. ದ್ರೌಪದಿ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಫ್ಲೆಕ್ಸಿನ ಹತ್ತಿರ ಹೋಗಿ ಕತ್ತೆತ್ತಿ ನೋಡಿದಳು.

“ಇದು ನಮ್ಮ ಗುಡ್ಡ ಅಲ್ಲೇನ್ರಿ? ನಳದ ಮುಂದ ಪಾಳಿ ಹಚ್ಚಿದಾಗ ದಿನಾ ನೋಡ್ತೀನಲ್ಲ, ಅದ ಐತಿ. ಹೋದ ವರ್ಷ ಹಿಂಗ ಹೂವಾಗಿತ್ತು. ನಂಗ ಇದ ಗುಡ್ಡ ಬೇಕ್ರಿ.”

ಗಲ್ಲಾಪೆಟ್ಟಿಗೆಯ ಮುಂದೆ ಮೋಹಿನಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಪ್ರೇಮನಾಥ ಎತ್ತಿದ್ದ ಕೈಯನ್ನು ಕೆಳಗಿಳಿಸಿದ.

“ಏ, ಊರಾಗ ಮಂದಿ ನಗ್ತಾರ,” ಎಂದ ಸೈದಪ್ಪ. “ಗುಡ್ಡಾ ನೋಡಾಕ ಮುಂಬೈಗೆ ಹೋಗಿದ್ರೇನು ಅಂತಾರ.”

“ಅನ್ಲಿ ಬಿಡು. ನಮ್ಮವ್ವ ಹಗಲೆಲ್ಲ ಒಂದ ಕೇಳ್ತಾಳ್ರಿ ಅಕ್ಕಾರ,” ದ್ರೌಪದಿ ಮೋಹಿನಿಯತ್ತ ತಿರುಗಿದಳು, “ನೀ ಇರೂ ಜಾಗಾ ಹೆಂಗೈತಿ ಅಂತ. ಮನಿ ಹಿಂದ ಗುಡ್ಡ ಐತಿ, ಗಿಡ ಅದಾವ, ತಂಪ ಗಾಳಿ ಬರ್ತೈತಿ ಅಂದ್ರ ನಂಬಂಗಿಲ್ಲ. ನನ್ನ ಸಮಾಧಾನಕ್ಕ ಸುಳ್ಳ ಹೇಳ್ತಿ ಅಂತಾಳ. ಮುಂಬೈ ಅಂದ್ರ ಆಕಿಗೆ ಬರೇ ಗಟಾರ, ಬರೇ ಗದ್ದಲ. ಹ್ವಾದಾಗೊಮ್ಮೆ ಅಳ್ತಾಳ, ಬಂದ್ಬಿಡು ಅಂತಾಳ. ಇದನ್ನ ತೋರಸ್ತೀನ್ರಿ.”

ಸೈದಪ್ಪ ಹೆಂಡತಿಯ ಪಕ್ಕ ಹೋಗಿ ನಿಂತ. ಪ್ರೇಮನಾಥ ದೀಪಗಳನ್ನು ಎಂದೂ ಇಲ್ಲದ ಆಸ್ಥೆಯಿಂದ ಹೊಂದಿಸಿದ, ಜ್ಯೋತಿಯ ಕೂದಲನ್ನು ತಾನೇ ಬಾಚಿದ. ಅವರು ಹೋದ ಮೇಲೆ ಮೋಹಿನಿ ಎದ್ದುಹೋಗಿ ಬಾಲ್ಕನಿಗೆಂದು ನೀಲಿ ಪ್ಲಾಸ್ಟಿಕ್ ತಂದಳು. ಸೋತದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ ಆಗಿತ್ತು.

ಆಷಾಢದಲ್ಲಿ ದ್ರೌಪದಿ ಮತ್ತೆ ಬಂದಳು. ಈ ಸಲ ಅವಳ ಸಾಲಿನ ಮನೆಗಳ ಹೆಂಗಸರೂ ಜೊತೆಗಿದ್ದರು, ಎಲ್ಲರಿಗೂ ಗುಡ್ಡದ ಫೋಟೊ ಬೇಕಿತ್ತು.

“ನಿಮ್ಮವ್ವ ಏನಂದ್ರು?” ಎಂದು ಪ್ರೇಮನಾಥ ತಡೆಯಲಾರದೆ ಕೇಳಿದ.

“ನಮ್ಮವ್ವ ಮರಗಮ್ಮ ಮೊದ್ಲು ಗುಡ್ಡ ನೋಡಿದಳ್ರಿ, ಆಮ್ಯಾಲ ನಮ್ಮ ಮಾರಿ ನೋಡಿದಳು. ಸೆರಗಲೆ ಫೋಟೊ ಒರಸಿ ಓಣಿ ಮಂದಿಗೆಲ್ಲ ತೋರಿಸಿ ಬಂದಳು. ನಾ ಹೊರಡೂ ಮುಂದ ಈ ಸಲ ಅಳಲಿಲ್ಲ ನೋಡ್ರಿ ಅಣ್ಣಾರ. ಬಂದ್ಬಿಡು ಅಂತ್ಲೂ ಅನ್ಲಿಲ್ಲ. ಹೋಗಿ ಬಾ, ಚಲೋ ಜಾಗಾದಾಗ ಅದೀ ಅಂದಳು.”

ಪ್ರೇಮನಾಥನ ಎಂಟು ವರ್ಷದ ಕಾಯುವಿಕೆ ಆ ಒಂದು ಮಾತಿನಲ್ಲಿ ತೀರಿಹೋಯಿತು. ಇನ್ನು ಆ ಗುಡ್ಡದ ಮುಂದೆ ಯಾರು ನಿಂತರೂ, ನಿಲ್ಲದಿದ್ದರೂ ಅವನಿಗೆ ಅಡ್ಡಿಯಿರಲಿಲ್ಲ.

ಆ ಸಂಜೆ ಅಂಗಡಿ ಮುಚ್ಚುವಾಗ ಅವನಿಗೆ ತನ್ನ ತಾಯಿಯ ನೆನಪಾಯಿತು. ಮೂಲ್ಕಿಯಲ್ಲಿ ಅಣ್ಣನ ತುಂಬಿದ ಮನೆಯಲ್ಲಿ ಬಾಲಮ್ಮ ಸುಖವಾಗಿಯೇ ಇದ್ದರು. ಠಾಣೆಗೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಕರೆದಾಗಲೆಲ್ಲ “ಆ ಚಳಿ ನಂಗೆ ಆಗುದಿಲ್ಲ ಮಗ” ಎನ್ನುತ್ತಿದ್ದರು. ಬಾರದಿರಲು ಏನೋ ಒಂದು ನೆಪ ಎಂದು ಅವನು ನಕ್ಕು ಬಿಡುತ್ತಿದ್ದ. ಈಗ ಶಟರಿನ ಮೇಲಿದ್ದ ಕೈ ಅಲ್ಲೇ ನಿಂತಿತು. ಮದುವೆಯಾದಾಗಿನಿಂದ ಅವನು ಅಮ್ಮನಿಗೆ ಕಳಿಸಿದ ಒಂದೊಂದು ಫೋಟೊದಲ್ಲೂ, ಅವನೂ ಮೋಹಿನಿಯೂ ಮಗುವೂ ನಿಂತದ್ದು ಆ ಹಿಮದ ಬೆಟ್ಟದ ಮುಂದೆಯೇ!

“ಮೋಹಿನೀ, ಸೀರೆ ಸರಿ ಮಾಡಿಕೋ,” ಎಂದ. ರಿತೇಶನನ್ನು ಕರೆಸಿ ಮೂವರೂ ಗುಡ್ಡದ ಮುಂದೆ ನಿಂತರು. ಮಾರನೆಯ ದಿನವೇ ಫೋಟೊ ಅಂಚೆಗೆ ಬಿತ್ತು. ಜೊತೆಗೆ ಫೋನಿನಲ್ಲಿ, “ಅಮ್ಮಾ, ನಾವು ಇರುವುದು ಇಲ್ಲಿ. ಇಲ್ಲಿ ಹಿಮ ಗಿಮ ಏನೂ ಇಲ್ಲ,” ಎಂದ.

ಬಾಲಮ್ಮ ಅಕ್ಟೋಬರಿನಲ್ಲಿ ಬಂದರು. ನವರಾತ್ರಿ ಕಳೆದು ಠಾಣೆ ಕಾದ ಕಾವಲಿಯಂತಿದ್ದ ಸಮಯ. ಮತ್ಸ್ಯಗಂಧ ರೈಲಿನಿಂದ ಪ್ಲಾಟ್‌ಫಾರ್ಮಿಗೆ ಇಳಿದವರೇ ತಲೆಗೆ ಕಟ್ಟಿದ್ದ ಉಣ್ಣೆಯ ಮಫ್ಲರ್ ಬಿಚ್ಚಿದರು, ಅದರಲ್ಲೇ ಮುಖದ ಬೆವರು ಒರೆಸಿಕೊಂಡರು. ನಡುವಯಸ್ಸಿನ ಮಗನನ್ನು ಮೇಲಿಂದ ಕೆಳಗೆ ನೋಡಿದರು.

“ನಮ್ಮ ಊರಿಗಿಂತ ಸೆಕೆ ಅಲ್ವನಾ ಇಲ್ಲಿ! ಇಷ್ಟು ವರ್ಷ ಹೇಳ್ಲಿಕ್ಕೆ ನಿಂಗೆ ಎಂತ ಆಗಿತ್ತು?”